ನಾರ್ವೆಯ ಕರಾವಳಿಯಲ್ಲಿ ಗೆಳೆಯರ ಜೊತೆ ಸೈಕಲ್ ಪ್ರವಾಸ: ಸ್ಟೈನ್‌ಶೇರ್‌ನಿಂದ ಲೋಫೋಟೆನ್‌ವರೆಗೆ ಸಮಗ್ರ ಮಾರ್ಗದರ್ಶಿ

ನಾರ್ವೆಯಲ್ಲಿ ಸೈಕಲ್ ತುಳಿಯಬೇಕು ಅಂದುಕೊಂಡವರ ಕಣ್ಣು ಮೊದಲು ಹೋಗುವುದು ನಾರ್ತ್ ಕೇಪ್ ಕಡೆಗೆ. ನಕ್ಷೆಯ ತುದಿಯಲ್ಲಿದೆ, ಫೋಟೊ ಚೆನ್ನಾಗಿ ಬರುತ್ತದೆ. ಮೊದಲ ಸಲ ಹೋಗುವ ಗುಂಪಿಗೆ ನಾನು ಅದನ್ನು ಹೇಳುವುದಿಲ್ಲ. ಮರವಿಲ್ಲದ ಬಯಲು, ಬಿಡದೆ ಬೀಸುವ ಗಾಳಿ. ಕೊನೆಯಲ್ಲಿ ಸಮುದ್ರದ ಅಡಿಯ 6.9 ಕಿಲೋಮೀಟರ್ ಸುರಂಗ. ಅದು ಕಡಲಮಟ್ಟಕ್ಕಿಂತ 212 ಮೀಟರ್ ಕೆಳಗಿಳಿದು ಮತ್ತೆ ಮೇಲೆ ಹತ್ತುತ್ತದೆ. ಸುಮ್ನೆ ಹೆಸರಿಗಾಗಿ ಅಷ್ಟು ಕಷ್ಟ ಬೇಡ.

ಬದಲಿಗೆ ಕೌಂಟಿ ರಸ್ತೆ 17 ಹಿಡಿಯಿರಿ. ಸ್ಟೈನ್‌ಶೇರ್ ಎಂಬ ಊರಿನಿಂದ ಹೊರಟು, ಆರ್ಕ್‌ಟಿಕ್ ವೃತ್ತ ದಾಟಿ, ಬೂಡೊ ಪಟ್ಟಣದವರೆಗೆ ಸುಮಾರು 650 ಕಿಲೋಮೀಟರ್. ಪೂರ್ತಿ ಡಾಂಬರು. ನಡುವೆ ಆರು ಕಡೆ ರಸ್ತೆ ಸಮುದ್ರದ ದಡಕ್ಕೆ ಬಂದು ನಿಂತುಬಿಡುತ್ತದೆ, ಅಲ್ಲಿ ಫೆರಿ ಹತ್ತಬೇಕು. ಬೂಡೊದಿಂದ ಇನ್ನೊಂದು ದೊಡ್ಡ ಫೆರಿ ಹಿಡಿದರೆ ಲೋಫೋಟೆನ್ ದ್ವೀಪಗಳು. ಎರಡೂ ಸೇರಿ ಹದಿನಾರು ದಿನ ಇಟ್ಟುಕೊಳ್ಳಿ. ಹದಿನಾಲ್ಕರಲ್ಲಿ ಮುಗಿಸಬಹುದು, ಆದರೆ ಮಳೆಗೆ ಒಂದು ದಿನ, ಮೊಣಕಾಲಿಗೆ ಒಂದು ದಿನ ಬೇಕೇ ಬೇಕು.

ಈ ದಾರಿಯಲ್ಲಿ ನಿಮ್ಮ ದಿನವನ್ನು ನಡೆಸುವುದು ಕಾಲಿನ ಶಕ್ತಿಯಲ್ಲ, ಫೆರಿಯ ವೇಳಾಪಟ್ಟಿ. ಜೊತೆಗಾರರ ಆಯ್ಕೆಯಿಂದ ಗುಡಾರ ಹಾಕುವ ಜಾಗದವರೆಗೆ ಎಲ್ಲ ನಿರ್ಧಾರವನ್ನೂ ಅದಕ್ಕೇ ಹೊಂದಿಸಿ.

ಯಾರ ಜೊತೆ ಹೋಗುವುದು

ನಾಲ್ಕು ಜನ ಸಾಕು. ಕ್ಯಾಂಪಿಂಗ್ ಜಾಗಗಳಲ್ಲಿ ಸಿಗುವ ಸಣ್ಣ ಮರದ ಮನೆಗಳಲ್ಲಿ ಹೆಚ್ಚಿನವು ನಾಲ್ಕು ಹಾಸಿಗೆಯವು. ಬಾಡಿಗೆ ಮನೆಗೆ, ತಲೆಗಲ್ಲ. ಹಾಗಾಗಿ ಮಳೆಯ ರಾತ್ರಿಯಲ್ಲಿ ನಾಲ್ಕು ಜನ ಹಂಚಿಕೊಂಡರೆ ಹೊರೆಯಾಗುವುದಿಲ್ಲ. ಐದನೆಯವರು ಬಂದರೆ ಎರಡು ಮನೆ ಬೇಕು, ಖರ್ಚು ಎರಡು ಪಟ್ಟು.

ಎಲ್ಲರೂ ಒಂದೇ ವೇಗದಲ್ಲಿ ತುಳಿಯಬೇಕಿಲ್ಲ. ಆದರೆ ನಿಧಾನ ತುಳಿಯುವವರು ಯಾರು ಅಂತ ಎಲ್ಲರಿಗೂ ಗೊತ್ತಿರಲಿ. ಬೆಳಿಗ್ಗೆ ಅವರು ಅರ್ಧ ಗಂಟೆ ಮೊದಲು ಹೊರಡಲಿ, ಉಳಿದವರು ಪಾತ್ರೆ ತೊಳೆದು ಗುಡಾರ ಮಡಚಿ ಹಿಂದೆ ಬರಲಿ. ಫೆರಿ ಕಟ್ಟೆಗೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೆ ತಲುಪುತ್ತಾರೆ. ಯಾರೂ ಯಾರನ್ನೂ ಕಾಯಿಸಿದ ಹಾಗಾಗುವುದಿಲ್ಲ.

ಹೊರಡುವ ಮೊದಲೇ ಮೂರು ವಿಷಯ ಮಾತಾಡಿಕೊಳ್ಳಿ. ಒಂದು, ದುಡ್ಡು: ಊಟ, ಗ್ಯಾಸ್, ಮನೆ ಬಾಡಿಗೆಗೆ ಒಂದು ಸಾಮಾನ್ಯ ಖಾತೆ. ಕಾಫಿ, ಬಿಯರ್ ಅವರವರದು. ಎರಡು, ಫೆರಿ ತಪ್ಪಿದರೆ ಏನು ಮಾಡುವುದು. ನನ್ನ ಸಲಹೆ: ಕಟ್ಟೆಗೆ ಬಂದವರು ಹತ್ತಿಬಿಡಲಿ, ಆಚೆ ದಡದಲ್ಲಿ ಅನ್ನಕ್ಕಿಟ್ಟು ಕಾಯಲಿ. ಒಬ್ಬರಿಗಾಗಿ ಉಳಿದ ಮೂವರೂ ಗಾಳಿಯಲ್ಲಿ ನಡುಗುವುದರಲ್ಲಿ ಅರ್ಥವಿಲ್ಲ. ಮೂರು, ಯಾರಿಗಾದರೂ ಸುಸ್ತಾದರೆ ಹೇಗೆ. ಇದಕ್ಕೆ ಈ ಕರಾವಳಿಯಲ್ಲಿ ಒಳ್ಳೆ ಪರಿಹಾರವಿದೆ. ಹುರ್ಟಿಗ್ರುಟೆನ್ ಮತ್ತು ಹಾವಿಲಾ ಕಂಪನಿಗಳ ಹಡಗುಗಳು ಬ್ರೋನ್ನೋಯ್‌ಸುಂಡ್, ಸಾಂಡ್ನೆಸ್‌ಶೋಯೆನ್, ನೆಸ್ನಾ, ಓರ್ನೆಸ್, ಬೂಡೊ, ಸ್ವೋಲ್ವೇರ್ ಬಂದರುಗಳಲ್ಲಿ ನಿಲ್ಲುತ್ತವೆ, ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತವೆ. ಕಾಲು ನೋವಿದ್ದವರು ಹಡಗು ಹತ್ತಿ ಮುಂದಿನ ಊರಿನಲ್ಲಿ ಆರಾಮಾಗಿ ಮಲಗಿರಬಹುದು. ಇದನ್ನು ಸೋಲು ಅಂತ ಆಡಿಕೊಳ್ಳುವ ಗೆಳೆಯರಿದ್ದರೆ ಅವರನ್ನು ಊರಲ್ಲೇ ಬಿಟ್ಟು ಹೋಗಿ.

ಯಾವಾಗ, ಯಾವ ದಿಕ್ಕಿಗೆ

ಜೂನ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಬೂಡೊದಲ್ಲಿ ಜೂನ್ ಮೊದಲ ವಾರದಿಂದ ಜುಲೈ ಮೊದಲ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಲೋಫೋಟೆನ್‌ನಲ್ಲಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ. ಜುಲೈ ನಾರ್ವೆಯವರ ರಜೆಯ ತಿಂಗಳು, ರಸ್ತೆ ತುಂಬಾ ಕ್ಯಾಂಪರ್ ವ್ಯಾನುಗಳು. ನನ್ನನ್ನು ಕೇಳಿದರೆ ಜೂನ್ ಎರಡನೇ ವಾರ ಹೊರಡುವುದು ಒಳ್ಳೆಯದು.

ಬೇಸಿಗೆ ಅಂದ ಮಾತ್ರಕ್ಕೆ ಸೆಕೆ ಅಂದುಕೊಳ್ಳಬೇಡಿ. ಹಗಲಲ್ಲಿ 10ರಿಂದ 15 ಡಿಗ್ರಿ ಸಾಮಾನ್ಯ. ಮಳೆ ಯಾವ ಗಂಟೆಯಲ್ಲಾದರೂ ಬರುತ್ತದೆ. ಬೇಸಿಗೆಯಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ದಕ್ಷಿಣದಿಂದ ಉತ್ತರಕ್ಕೆ ತುಳಿಯಿರಿ. ಹವಾಮಾನಕ್ಕೆ ಅಲ್ಲಿನ ಹವಾಮಾನ ಸಂಸ್ಥೆ ಮತ್ತು ಸಾರ್ವಜನಿಕ ಪ್ರಸಾರ ಸಂಸ್ಥೆ ಸೇರಿ ನಡೆಸುವ 'ಯೂರ್' ಆ್ಯಪ್ ನೋಡಿ. ಮಳೆಗಿಂತ ಮೊದಲು ಗಾಳಿಯ ಅಂಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ವೀಸಾ ಮತ್ತು ವಿಮಾನ

ನಾರ್ವೆ ಷೆಂಗೆನ್ ಒಕ್ಕೂಟದಲ್ಲಿದೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನಲ್ಲಿ. ಅರ್ಜಿಯನ್ನು ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು. ಬೇಸಿಗೆಯ ಸಂದರ್ಶನದ ದಿನಗಳು ಬೇಗ ತುಂಬುತ್ತವೆ, ಆದ್ದರಿಂದ ಫೆಬ್ರವರಿ, ಮಾರ್ಚ್‌ನಲ್ಲೇ ಕೂತು ಮಾಡಿ ಮುಗಿಸಿ. ಪ್ರವಾಸ ವಿಮೆ ಕನಿಷ್ಠ 30,000 ಯೂರೋದ್ದಾಗಿರಬೇಕು. ಗುಡಾರದಲ್ಲಿ ಮಲಗುವವರಿಗೆ ತಲೆನೋವು ಅಂದರೆ ವಸತಿಯ ದಾಖಲೆ. ದಿನವಾರು ಮಾರ್ಗದ ಒಂದು ಪುಟ, ಜೊತೆಗೆ ಕ್ಯಾಂಪಿಂಗ್ ಜಾಗಗಳ ಬುಕಿಂಗ್ ಇಡಿ. ಎಲ್ಲರ ಅರ್ಜಿಯಲ್ಲೂ ಒಂದೇ ಮಾರ್ಗ, ಒಂದೇ ತಾರೀಕು ಇರಲಿ.

ವಿಮಾನ ಟ್ರೋಂಡ್‌ಹೈಮ್‌ಗೆ. ಅಲ್ಲಿನ ವಿಮಾನ ನಿಲ್ದಾಣದ ಪಕ್ಕದಲ್ಲೇ ರೈಲು ನಿಲ್ದಾಣ, ಅದೇ ಹಳಿ ಸ್ಟೈನ್‌ಶೇರ್‌ಗೆ ಹೋಗುತ್ತದೆ. ಸೈಕಲ್ಲನ್ನು ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ: ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಮುಂದಿನ ಚಕ್ರ ತೆಗೆದು ಫೋರ್ಕ್ ನಡುವೆ ಒಂದು ಮರದ ತುಂಡು ಸಿಕ್ಕಿಸಿ. ಹಿಂದಿನ ಡಿರೇಲರ್ (ಚೈನನ್ನು ಸರಿಸಿ ಗೇರ್ ಬದಲಿಸುವ ಭಾಗ) ಬಿಚ್ಚಿ ಬಟ್ಟೆ ಸುತ್ತಿ ಫ್ರೇಮಿನ ಒಳಗೆ ಕಟ್ಟಿ, ಏಟು ಬೀಳುವುದು ಯಾವಾಗಲೂ ಅಲ್ಲಿಗೇ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಸೈಕಲ್ ಮತ್ತು ಸಾಮಾನು

ದುಬಾರಿ ಸೈಕಲ್ ಬೇಡ. ಹಿಂದೆ ಗಟ್ಟಿ ಕ್ಯಾರಿಯರ್ ಕೂರುವ, 38ರಿಂದ 45 ಮಿಲಿಮೀಟರ್ ಟೈರ್ ಹಿಡಿಸುವ, ಹಗುರ ಗೇರ್ ಇರುವ ಯಾವ ಸೈಕಲ್ ಆದರೂ ಆಗುತ್ತದೆ. ಕಾರ್ಬನ್ ರೇಸ್ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಬರುವ ಗೆಳೆಯರನ್ನು ತಡೆಯಿರಿ. ಒಬ್ಬೊಬ್ಬರ ಸಾಮಾನು 15ರಿಂದ 18 ಕಿಲೋ ಒಳಗಿರಲಿ.

ನಮ್ಮಲ್ಲಿ ಎಡಬದಿ, ಅಲ್ಲಿ ಬಲಬದಿ. ಹಾಗಾಗಿ ಕನ್ನಡಿ ಹ್ಯಾಂಡಲ್ಲಿನ ಎಡಕ್ಕೆ. ದಿನವಿಡೀ ಬಲದಲ್ಲೇ ತುಳಿದರೂ ತಪ್ಪುವುದು ಎರಡೇ ಹೊತ್ತಿನಲ್ಲಿ: ಬೆಳಿಗ್ಗೆ ಕ್ಯಾಂಪಿನಿಂದ ಖಾಲಿ ರಸ್ತೆಗೆ ಇಳಿಯುವಾಗ, ಮತ್ತೆ ಅಂಗಡಿಯ ಮುಂದೆ ನಿಂತು ಹೊರಡುವಾಗ. ಮೊದಲ ವಾರ ಮುಂದಿರುವವರು "ಬಲಕ್ಕೆ" ಅಂತ ಕೂಗಿ ಹೇಳಲಿ. ತಮಾಷೆ ಅನ್ನಿಸಿದರೂ ಪರವಾಗಿಲ್ಲ.

ಗುಂಪಿಗೆ ಒಂದೇ ಸಾಕಾಗುವ ವಸ್ತುಗಳು: ದೊಡ್ಡ ಪಂಪು, ಚೈನ್ ಕತ್ತರಿಸುವ ಉಪಕರಣ, ಪ್ರಥಮ ಚಿಕಿತ್ಸೆ ಡಬ್ಬಿ, ದೊಡ್ಡ ಪಾತ್ರೆ. ಪ್ರತಿಯೊಬ್ಬರ ಹತ್ತಿರ ಇರಲೇಬೇಕಾದವು: ಎರಡು ಟ್ಯೂಬ್, ಪಂಕ್ಚರ್ ಸಾಮಾನು, ಬ್ರೇಕ್ ಪ್ಯಾಡ್, ತಮ್ಮ ಸೈಕಲ್ಲಿಗೇ ಹೊಂದುವ ಡಿರೇಲರ್ ಹ್ಯಾಂಗರ್, ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು. ಈ ಕೊನೆಯದು ಬೆರಳಷ್ಟು ದೊಡ್ಡದು, ಆದರೆ ಮುರಿದರೆ ಅಲ್ಲಿನ ಅಂಗಡಿಯಲ್ಲಿ ನಿಮ್ಮ ಮಾಡೆಲ್ಲಿಗೆ ಸಿಗುವುದು ಕಷ್ಟ. ಅಂಗಡಿಗಳೂ ಪಟ್ಟಣಗಳಲ್ಲಿ ಮಾತ್ರ.

ಬಟ್ಟೆಯಲ್ಲಿ ದುಡ್ಡು ಹಾಕಬೇಕಾದ್ದು ಮಳೆಯಂಗಿಗೆ, ಕೈಗವಸಿಗೆ, ಶೂ ಮೇಲಿನ ಮಳೆಗವಸಿಗೆ. ಹತ್ತಿ ಬಟ್ಟೆ ಬೇಡ, ಒಣಗುವುದಿಲ್ಲ. ಸ್ಲೀಪಿಂಗ್ ಬ್ಯಾಗ್ 0ರಿಂದ 5 ಡಿಗ್ರಿಯಲ್ಲಿ ಬೆಚ್ಚಗಿಡುವಂಥದ್ದು. ಕಣ್ಣಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿ, ರಾತ್ರಿ ಹನ್ನೆರಡಕ್ಕೂ ಗುಡಾರದೊಳಗೆ ಬೆಳಕಿರುತ್ತದೆ.

ಇಷ್ಟನ್ನೂ ಹೊತ್ತು ಅಭ್ಯಾಸ ಮಾಡಲು ಕರ್ನಾಟಕದಷ್ಟು ಒಳ್ಳೆ ಜಾಗ ಸಿಗುವುದು ಕಷ್ಟ. ಹಿಂದಿನ ವರ್ಷದ ಜುಲೈನಲ್ಲೇ ಪೂರ್ತಿ ಸಾಮಾನು ಕಟ್ಟಿಕೊಂಡು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗಿ, ಮಳೆಯಲ್ಲಿ ಗುಡಾರ ಹಾಕಿ, ಮಾರನೇ ದಿನ ವಾಪಸ್ ಬನ್ನಿ. ಎಲ್ಲಿ ನೀರು ಸೋರುತ್ತದೆ, ಯಾರಿಗೆ ಬೇಗ ಸಿಟ್ಟು ಬರುತ್ತದೆ, ಎರಡೂ ಗೊತ್ತಾಗುತ್ತದೆ.

ಊಟ

ನಾರ್ವೆಯ ಹಣ ಕ್ರೋನ್, ಅಲ್ಲಿ ಎಲ್ಲವೂ ದುಬಾರಿ. ಹೋಟೆಲ್ ಊಟ ದಿನಾ ಆಗುವ ಮಾತಲ್ಲ. ರೆಮಾ 1000, ಕಿವಿ, ಕೂಪ್ ಅಂಗಡಿಗಳಲ್ಲಿ ಓಟ್ಸ್, ಬ್ರೆಡ್, ಮೊಟ್ಟೆ, ಬಾಳೆಹಣ್ಣು, ಆಲೂಗಡ್ಡೆ ತಗೊಂಡು ನೀವೇ ಬೇಯಿಸಿ. ಕಂದು ಬಣ್ಣದ ಸಿಹಿ ಚೀಸ್ ಸಿಗುತ್ತದೆ, ಬ್ರೂನೋಸ್ಟ್ ಅಂತ. ಮೊದಲ ತುತ್ತಿಗೆ ವಿಚಿತ್ರ, ಮೂರನೇ ದಿನಕ್ಕೆ ಬಿಡಲಾಗುವುದಿಲ್ಲ. ಮೀನು ತಿನ್ನುವವರಿಗೆ ಟೊಮೆಟೊ ಸಾಸಿನ ಬಂಗುಡೆ ಡಬ್ಬಿ ಅಗ್ಗ ಮತ್ತು ಪುಷ್ಟಿ.

ಮನೆಯಿಂದ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿಟ್ಟಿನ ಮಿಕ್ಸ್ ಒಯ್ಯಿರಿ. ಅವಲಕ್ಕಿಗೆ ಗ್ಯಾಸೂ ಬೇಡ, ಫೆರಿ ಕಟ್ಟೆಯಲ್ಲೇ ನೆನೆಸಿ ತಿನ್ನಬಹುದು. ಆದರೆ ತುಪ್ಪ, ಪೇಡ, ಹಾಲಿನ ಪುಡಿ ಬೇಡ. ಯುರೋಪಿನ ಆರ್ಥಿಕ ವಲಯದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ನಾರ್ವೆಗೆ ತರುವಂತಿಲ್ಲ.

ಭಾನುವಾರ ಹೆಚ್ಚಿನ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಎರಡು ದಿನದ ಊಟ ಚೀಲದಲ್ಲಿರಬೇಕು. ನಲ್ಲಿ ನೀರು ಎಲ್ಲ ಕಡೆ ಕುಡಿಯಬಹುದು. ಬಾಟಲಿ, ಕ್ಯಾನುಗಳಿಗೆ ಅಂಗಡಿಯವರು ಠೇವಣಿ ಹಿಡಿದಿರುತ್ತಾರೆ. ಖಾಲಿ ಮಾಡಿ ಅಂಗಡಿಯ ಯಂತ್ರಕ್ಕೆ ಹಾಕಿದರೆ ಸಣ್ಣದಕ್ಕೆ 2, ದೊಡ್ಡದಕ್ಕೆ 3 ಕ್ರೋನ್ ವಾಪಸ್.

ಫೆರಿ ಹಿಡಿಯುವ ವಿದ್ಯೆ

ದಕ್ಷಿಣದಿಂದ ಉತ್ತರಕ್ಕೆ ಆರು ದಾಟುವಿಕೆ: ಹೋಲ್ಮ್–ವೆನ್ನೆಸುಂಡ್, ಹೋರ್ನ್–ಆಂಡಾಲ್ಸ್‌ವೋಗೆನ್, ಫೋರ್ವಿಕ್–ಶೋಟ್ಟಾ, ಲೇವಾಂಗ್–ನೆಸ್ನಾ, ಕಿಲ್ಬೊಗ್‌ಹಾಮ್ನ್–ಯೆಕ್ಟ್‌ವಿಕ್, ಓಗ್‌ಸ್ಕಾರ್ಡೆಟ್–ಫೋರೋಯ್. ಮೂರನೆಯದೂ ಐದನೆಯದೂ ಹತ್ತಿರ ಹತ್ತಿರ ಒಂದು ಗಂಟೆ, ಉಳಿದವು ಚಿಕ್ಕವು. ಇಂಥ ಕಾರು ಫೆರಿಗಳಲ್ಲಿ ಹೆಚ್ಚಾಗಿ ಕಾಲುನಡಿಗೆಯವರಿಗೂ ಸೈಕಲ್ಲಿನವರಿಗೂ ದುಡ್ಡಿಲ್ಲ.

ವೇಳಾಪಟ್ಟಿಗೆ 'ಎನ್‌ಟೂರ್' ಆ್ಯಪ್ ಇದೆ. ಕಟ್ಟೆಯಲ್ಲಿ ಅಂಟಿಸಿದ ಪಟ್ಟಿಯಲ್ಲಿ ವಾರದ ದಿನಗಳನ್ನು ಅಂಕಿಯಲ್ಲಿ ಬರೆದಿರುತ್ತಾರೆ: 6 ಶನಿವಾರ, 7 ಭಾನುವಾರ. 'ಡಿಎಕ್ಸ್67' ಅಂತ ಇದ್ದರೆ ಶನಿವಾರ, ಭಾನುವಾರ ಬಿಟ್ಟು ಉಳಿದ ದಿನ. ಇದು ಗೊತ್ತಿಲ್ಲದೆ ಶನಿವಾರ ಕಟ್ಟೆಗೆ ಬಂದವರು ತುಂಬಾ ಹೊತ್ತು ಕಡಲಕಾಗೆ ಎಣಿಸುತ್ತಾರೆ.

ಈಗ ಮುಖ್ಯ ಕ್ರಮ. ಹಿಂದಿನ ರಾತ್ರಿಯೇ ನಾಳೆಯ ಫೆರಿ ಯಾವುದು, ಎಷ್ಟು ಗಂಟೆಗೆ ಅಂತ ತೀರ್ಮಾನ ಮಾಡಿ. ಕಟ್ಟೆಯವರೆಗಿನ ದೂರವನ್ನು ಗಂಟೆಗೆ 13 ಕಿಲೋಮೀಟರ್ ಲೆಕ್ಕದಲ್ಲಿ ಭಾಗಿಸಿ, ಅದಕ್ಕೆ ಒಂದು ಗಂಟೆ ಸೇರಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಏಳುವ ಹೊತ್ತು ನಿರ್ಧರಿಸಿ. 40 ಕಿಲೋಮೀಟರ್ ಇದ್ದರೆ ನಾಲ್ಕು ಗಂಟೆಗೂ ಸ್ವಲ್ಪ ಜಾಸ್ತಿ ಆಯಿತು. ಬೇಗ ತಲುಪಿದರೆ ಕಟ್ಟೆಯ ಕಾಯುವ ಕೋಣೆಯಲ್ಲಿ ಒದ್ದೆ ಸಾಕ್ಸ್ ಒಣಗಿಸಿ.

ಕಟ್ಟೆಯಲ್ಲಿ ಕಾರುಗಳ ಸಾಲಿನ ಪಕ್ಕದಲ್ಲಿ ಮುಂದೆ ಹೋಗಿ ನಿಲ್ಲಿ, ಸಿಬ್ಬಂದಿ ಕೈ ತೋರಿಸಿದಾಗ ಹೊರಡಿ. ಇಳಿಜಾರಿನ ಕಬ್ಬಿಣದ ಹಲಗೆ ಒದ್ದೆಯಾದರೆ ಜಾರುತ್ತದೆ, ಇಳಿದು ತಳ್ಳಿಕೊಂಡೇ ಹೋಗಿ. ಸೈಕಲ್ಲನ್ನು ಪಕ್ಕದ ಗೋಡೆಗೆ ಒರಗಿಸಿ ನಿಮ್ಮದೇ ಪಟ್ಟಿಯಿಂದ ಕಟ್ಟಿ.

ಇಳಿಯುವಾಗ ಒಂದು ಉಪಾಯ. ಆಚೆ ದಡ ಮುಟ್ಟಿದ ತಕ್ಷಣ ತುಳಿಯಬೇಡಿ. ಕಾರು, ಲಾರಿ, ಕ್ಯಾಂಪರ್ ವ್ಯಾನ್ ಎಲ್ಲವನ್ನೂ ಮುಂದೆ ಬಿಡಿ. ಐದು ನಿಮಿಷ ನಿಂತರೆ ಸಾಕು, ಮುಂದಿನ ಫೆರಿ ಬರುವವರೆಗೆ ರಸ್ತೆ ಹೆಚ್ಚುಕಡಿಮೆ ನಿಮ್ಮದೇ. ಈ ದಾರಿಯಲ್ಲಿ ವಾಹನಗಳು ಅಲೆಯಲೆಯಾಗಿ ಬರುತ್ತವೆ. ಎರಡು ಅಲೆಗಳ ನಡುವೆ ತುಳಿಯುವುದು ಗೊತ್ತಾದರೆ ಅರ್ಧ ಭಯ ಹೋಯಿತು.

ದಾರಿಯ ಭಾಗಗಳು

ಸ್ಟೈನ್‌ಶೇರ್‌ನಿಂದ ನಾಮ್ಸೂಸ್ ದಾಟಿ ಹೋಲ್ಮ್‌ವರೆಗೆ ಹೊಲ, ಕಾಡು, ಕೊಲ್ಲಿ. ಸಮುದ್ರ ಇನ್ನೂ ಪೂರ್ತಿ ತೆರೆದುಕೊಂಡಿರುವುದಿಲ್ಲ. ದಿನಕ್ಕೆ 50 ಕಿಲೋಮೀಟರ್ ಮೀರದೆ ಮೈ ಪಳಗಿಸಿಕೊಳ್ಳಿ.

ವೆನ್ನೆಸುಂಡ್ ನಂತರ ಅಸಲಿ ಕರಾವಳಿ. ಬ್ರೋನ್ನೋಯ್‌ಸುಂಡ್‌ನಲ್ಲಿ ಎರಡು ರಾತ್ರಿ ಉಳಿಯಿರಿ. ಊರಿನಿಂದ ಸ್ವಲ್ಪ ದೂರದಲ್ಲಿ ಟೋರ್ಗ್‌ಹಾಟ್ಟೆನ್ ಬೆಟ್ಟ, ನಡುವೆ ಆರಪಾರ ತೂತು: 160 ಮೀಟರ್ ಉದ್ದ, 35 ಮೀಟರ್ ಎತ್ತರ. ಸಾಮಾನು ಬಿಟ್ಟು ಹಗುರಾಗಿ ಹೋಗಿ, ಒಳಗೆ ನಡೆದು ಆಚೆ ಬದಿಯ ದ್ವೀಪಗಳನ್ನು ನೋಡಿ. ಒಂದು ದಿನ ಜಾಸ್ತಿ ಇದ್ದರೆ ಹೋರ್ನ್‌ನಿಂದ ವೇಗಾ ದ್ವೀಪಕ್ಕೆ ಬೇರೆ ಫೆರಿ ಇದೆ. ಅಲ್ಲಿನ ಜನ ಐಡರ್ ಎಂಬ ಕಾಡು ಬಾತುಗಳಿಗೆ ಗೂಡು ಕಟ್ಟಿಕೊಟ್ಟು, ಅವು ಬಿಟ್ಟುಹೋದ ಮೆತ್ತನೆ ಪುಕ್ಕ ಕೂಡಿಸುತ್ತ ಬಂದವರು. 2004ರಲ್ಲಿ ಯುನೆಸ್ಕೊ ಈ ದ್ವೀಪಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಶೋಟ್ಟಾದಿಂದ ಸಾಂಡ್ನೆಸ್‌ಶೋಯೆನ್‌ವರೆಗೆ ಬಲಗಡೆ ಏಳು ಸೋದರಿಯರು ಎಂಬ ಶಿಖರಗಳ ಸಾಲು, ಎತ್ತರದ್ದು 1,072 ಮೀಟರ್. ಆಮೇಲೆ 1991ರಲ್ಲಿ ತೆರೆದ ಹೆಲ್ಗೆಲಾಂಡ್ ಸೇತುವೆ, 1,065 ಮೀಟರ್ ಉದ್ದ. ಅಡ್ಡಗಾಳಿ ಜೋರಿದ್ದರೆ ಇಳಿದು ನಡೆಯಿರಿ.

ನೆಸ್ನಾದಿಂದ ಕಿಲ್ಬೊಗ್‌ಹಾಮ್ನ್‌ವರೆಗಿನ ಭಾಗ ಕಷ್ಟದ್ದು. ಸುಮಾರು 350 ಮೀಟರ್ ಎತ್ತರದ ಶೋನ್‌ಫ್ಯೆಲ್ಲೆಟ್ ಏರು ಹತ್ತಬೇಕು, ನಂತರ ಕೊಲ್ಲಿಯನ್ನು ಸುತ್ತಿಕೊಂಡು ಬರಬೇಕು. ಇದನ್ನು ಒಂದೇ ದಿನಕ್ಕೆ ತುರುಕಬೇಡಿ. ದಡದಲ್ಲಿ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಕಟ್ಟಿದ ಗ್ರೋನ್ಸ್‌ವಿಕ್ ಕೋಟೆ ಇದೆ, ಊಟಕ್ಕೆ ನಿಲ್ಲಲು ಒಳ್ಳೆ ಜಾಗ. ಮುಂದಿನ ಫೆರಿಯಲ್ಲೇ ಆರ್ಕ್‌ಟಿಕ್ ವೃತ್ತ ದಾಟುತ್ತೀರಿ. ದಡದ ಮೇಲೆ ಭೂಗೋಳದ ಗುರುತು ಕಾಣುತ್ತದೆ, ಡೆಕ್ಕಿನ ಮೇಲೆ ಇರಿ.

ಫೋರೋಯ್ ದಾಟಿದ ಮೇಲೆ ಕೊಲ್ಲಿಯ ಆಚೆ ಸ್ವಾರ್ಟೀಸೆನ್ ಹಿಮನದಿಯ ಒಂದು ನಾಲಗೆ, ಎಂಗಾಬ್ರೇನ್, ಕೆಳಗಿಳಿದು ಬಂದಿರುವುದು ಕಾಣುತ್ತದೆ. ದೋಣಿ ಹಿಡಿದು ಹತ್ತಿರ ಹೋಗಿ ಬರಬಹುದು. ಹಿಮದ ಕೆಳಗೆ ಮಾತ್ರ ನಿಲ್ಲಬೇಡಿ.

ಇಲ್ಲಿಂದ ಮುಂದೆ ರಸ್ತೆ 7.6 ಕಿಲೋಮೀಟರಿನ ಸ್ವಾರ್ಟೀಸ್ ಸುರಂಗದೊಳಗೆ ಹೋಗುತ್ತದೆ, ಸೈಕಲ್ಲಿಗೆ ಪ್ರವೇಶವಿಲ್ಲ. ವಾಸ್‌ಡಾಲ್ಸ್‌ವಿಕ್‌ನಿಂದ ಓರ್ನೆಸ್‌ಗೆ ಹೋಗುವ ಫೆರಿ ಹಿಡಿಯಬೇಕು. ಇದರ ಸರತಿಗಳು ಕಡಿಮೆ, ಹಾಗಾಗಿ ಇಡೀ ಪ್ರವಾಸದಲ್ಲಿ ಮೊದಲು ನೋಡಿಡಬೇಕಾದ ವೇಳಾಪಟ್ಟಿ ಇದೇ.

ಓರ್ನೆಸ್‌ನಿಂದ ಬೂಡೊಗೆ ಎರಡು ದಿನ. ನಡುವೆ ಸಾಲ್ಟ್‌ಸ್ಟ್ರೌಮೆನ್: 150 ಮೀಟರ್ ಅಗಲದ ಸಂದಿಯಲ್ಲಿ ಉಬ್ಬರವಿಳಿತದ ನೀರು ಗಂಟೆಗೆ 40 ಕಿಲೋಮೀಟರ್ ಹತ್ತಿರದ ವೇಗದಲ್ಲಿ ನುಗ್ಗುತ್ತದೆ. ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲು. ಹೊತ್ತು ನೋಡಿಕೊಂಡು ಹೋಗಿ, ಇಲ್ಲದಿದ್ದರೆ ತಣ್ಣಗಿನ ಹೊಳೆ ನೋಡಿ ಬರುತ್ತೀರಿ.

ಸುರಂಗಗಳು

ನಿಷೇಧವಿಲ್ಲದ ಸುರಂಗಗಳೂ ಹಲವಿವೆ. ಬಾಯಲ್ಲಿ ನಿಂತು ಜಾಕೆಟ್ ಹಾಕಿಕೊಳ್ಳಿ, ಒಳಗೆ ಚಳಿ. ಹಿಂದೆ ಮುಂದೆ ದೀಪ, ಮೇಲೆ ಹೊಳೆಯುವ ಅಂಗಿ. ಕೆಲವು ಕಡೆ ಗೋಡೆಯಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಒಳಗೆ ಸೈಕಲ್ ಇದೆ ಅಂತ ವಾಹನದವರಿಗೆ ದೀಪ ಹೊತ್ತಿಕೊಳ್ಳುತ್ತದೆ. ಒಬ್ಬರ ಹಿಂದೆ ಒಬ್ಬರು, ಅತಿ ಹೊಳೆಯುವ ಹಿಂದೀಪ ಇದ್ದವರು ಕೊನೆಗೆ. ಒಳಗೆ ಒಂದು ಕಾರು ಬಂದರೂ ಲಾರಿಯ ಸದ್ದು ಕೇಳಿಸುತ್ತದೆ. ಗಾಬರಿಯಾಗಿ ನಡುವೆ ನಿಲ್ಲಬೇಡಿ.

ಮಲಗುವುದು

ನಾರ್ವೆಯಲ್ಲಿ 1957ರ ಕಾನೂನು ಎಲ್ಲರಿಗೂ ಬಯಲಿನಲ್ಲಿ ಓಡಾಡುವ ಹಕ್ಕು ಕೊಟ್ಟಿದೆ. ಬೇಸಾಯ ಇಲ್ಲದ ಜಾಗದಲ್ಲಿ, ಜನವಿರುವ ಮನೆಯಿಂದ ಕನಿಷ್ಠ 150 ಮೀಟರ್ ದೂರದಲ್ಲಿ, ಒಂದೇ ಕಡೆ ಎರಡು ರಾತ್ರಿಯವರೆಗೆ ಗುಡಾರ ಹಾಕಬಹುದು. ಹುಲ್ಲುಗಾವಲು ಹಸಿರಾಗಿ ಕಂಡರೂ ಅದು ಬೇಸಾಯದ ಭೂಮಿಯೇ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ ಮತ್ತು ಕಾಡಿನ ಹತ್ತಿರ ಬೆಂಕಿ ಹಾಕುವಂತಿಲ್ಲ.

ಎರಡು ರಾತ್ರಿ ಬಯಲಲ್ಲಿ, ಮೂರನೆಯದು ಕ್ಯಾಂಪಿಂಗ್ ಜಾಗದಲ್ಲಿ: ಸ್ನಾನ, ಬಟ್ಟೆ, ಚಾರ್ಜಿಂಗ್ ಎಲ್ಲ ಆಗುತ್ತದೆ. ಗಾಳಿ ನಿಂತ ಸಂಜೆ ಸಣ್ಣ ಕಚ್ಚುವ ನೊಣಗಳು ಮುತ್ತುತ್ತವೆ. ಸ್ವಲ್ಪ ಗಾಳಿ ಬೀಸುವ ದಿಬ್ಬ ಆರಿಸಿ. ದಕ್ಷಿಣದ ಭಾಗದಲ್ಲಿ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳೂ ಇರುತ್ತವೆ, ರಾತ್ರಿ ಕಾಲು ನೋಡಿಕೊಳ್ಳಿ. ತುರ್ತಿಗೆ ಆಂಬುಲೆನ್ಸ್ 113, ಪೊಲೀಸ್ 112, ಅಗ್ನಿಶಾಮಕ 110.

ಲೋಫೋಟೆನ್ ಮತ್ತು ವಾಪಸ್

ಬೂಡೊದಿಂದ ಮೋಸ್ಕೆನೆಸ್‌ಗೆ ಫೆರಿ ಮೂರರಿಂದ ನಾಲ್ಕು ಗಂಟೆ. ಅಲೆ ಜೋರಿರಬಹುದು, ವಾಂತಿ ಮಾತ್ರೆ ಮೊದಲೇ ತಗೊಳ್ಳಿ. ಇಳಿದ ಮೇಲೆ ಇ10 ಹೆದ್ದಾರಿಯೇ ದಾರಿ, ಮೊದಲ ಭಾಗ ಕಿರಿದು, ಜುಲೈನಲ್ಲಿ ವ್ಯಾನುಗಳ ಸಾಲು. ಪರಿಹಾರ ಸುಲಭ: ಹಗಲು ಮಲಗಿ, ರಾತ್ರಿ ಹತ್ತರಿಂದ ಎರಡರವರೆಗೆ ತುಳಿಯಿರಿ. ಬೆಳಕಿರುತ್ತದೆ, ರಸ್ತೆ ಖಾಲಿ. ರೈನೆ, ಹಾಮ್ನೋಯ್ ಊರುಗಳನ್ನು ಆ ಹೊತ್ತಲ್ಲಿ ನೋಡಬೇಕು. ದಾರಿಯುದ್ದಕ್ಕೂ ಕಾಣುವ ಮರದ ಚೌಕಟ್ಟುಗಳು ಕಾಡ್ ಮೀನು ಒಣಗಿಸಲು. ಚಳಿಗಾಲದಲ್ಲಿ ಹಿಡಿದದ್ದನ್ನು ಉಪ್ಪು ಹಾಕದೆ ಗಾಳಿಗೇ ಬಿಡುತ್ತಾರೆ. ಜೂನ್ ಮುಗಿಯುವ ಹೊತ್ತಿಗೆ ಹೆಚ್ಚಿನವು ಖಾಲಿಯಾಗಿರುತ್ತವೆ. ನಮ್ಮ ಕರಾವಳಿಯ ಒಣಮೀನು ಪ್ರಿಯರಿಗೆ ವಾಸನೆ ಹೊಸದಲ್ಲ.

ನಾಪ್‌ಸ್ಟ್ರೌಮ್ ಸುರಂಗ ಸಮುದ್ರದಡಿ 1.8 ಕಿಲೋಮೀಟರ್. ಸೈಕಲ್ ಹೋಗಬಹುದು, ಕೊನೆಗೆ ಏರು. ಬೋರ್ಗ್‌ನಲ್ಲಿ ಮತ್ತೆ ಕಟ್ಟಿ ನಿಲ್ಲಿಸಿರುವ 83 ಮೀಟರ್ ಉದ್ದದ ವೈಕಿಂಗ್ ಮನೆ ನೋಡಿ. ಹೆನ್ನಿಂಗ್ಸ್‌ವೇರ್‌ಗೆ ಒಂದು ಅಡ್ಡ ಸುತ್ತು ಹಾಕಿ ಸ್ವೋಲ್ವೇರ್ ತಲುಪಿ. ಇಲ್ಲಿ ಕೆಲವು ಜಾಗಗಳಲ್ಲಿ ಗುಡಾರ ಹಾಕುವುದಕ್ಕೆ ನಿಷೇಧವಿದೆ, ಫಲಕ ಓದಿ.

ಸ್ವೋಲ್ವೇರ್‌ನಿಂದ ಹಡಗಿನಲ್ಲಿ ಬೂಡೊ. ಅಲ್ಲಿಂದ ವಿಮಾನ, ಇಲ್ಲವೇ 1962ರಲ್ಲಿ ಬೂಡೊ ತಲುಪಿದ ನೂರ್‌ಲಾಂಡ್ ರೈಲು ಹಳಿಯಲ್ಲಿ 729 ಕಿಲೋಮೀಟರ್ ದೂರದ ಟ್ರೋಂಡ್‌ಹೈಮ್. ಈ ರೈಲಿನಲ್ಲಿ ಸೈಕಲ್ಲಿಗೆ ಜಾಗ ಬೆರಳೆಣಿಕೆಯಷ್ಟು, ನಾಲ್ಕು ಸೈಕಲ್ ಒಟ್ಟಿಗೆ ಬೇಕಾದರೆ ಟಿಕೆಟ್ ಮಾರಾಟ ತೆರೆದ ದಿನವೇ ಕಾಯ್ದಿರಿಸಿ. ಇಲ್ಲದಿದ್ದರೆ ಇಬ್ಬಿಬ್ಬರಾಗಿ ಬೇರೆ ರೈಲಿನಲ್ಲಿ ಹೋಗಿ. ರಟ್ಟಿನ ಪೆಟ್ಟಿಗೆಗೆ ಟ್ರೋಂಡ್‌ಹೈಮ್‌ನ ಸೈಕಲ್ ಅಂಗಡಿಗೆ ಒಂದು ವಾರ ಮೊದಲೇ ಫೋನ್ ಮಾಡಿ ಹೇಳಿಡಿ. ಟೈರಿನ ಮಣ್ಣು ತೊಳೆದು, ಉಳಿದ ಗ್ಯಾಸ್ ಡಬ್ಬಿಗಳನ್ನು ಕ್ಯಾಂಪಿಂಗ್ ಅಡುಗೆಮನೆಯಲ್ಲಿ ಬೇರೆಯವರಿಗೆ ಬಿಟ್ಟು ಬನ್ನಿ.